ಮೊದಲ ವರ್ಷದ ಕೆಮಿಸ್ಟ್ರಿಗೆ ಎಲ್ಲಿಂದ ಓದಬೇಕು?

ಹತ್ತನೇ ತರಗತಿಯ ವಿಜ್ಞಾನ ಪುಸ್ತಕವನ್ನು ರದ್ದಿಗೆ ಹಾಕಬೇಡಿ. ಬಿಎಸ್ಸಿ ಮೊದಲ ವರ್ಷಕ್ಕೆ ಬಂದ ಮಕ್ಕಳಿಗೆ ನಾನು ಮೊದಲು ಹೇಳುವುದು ಇದನ್ನೇ. ‘ಯಾವ ಬುಕ್ ತಗೋಬೇಕ್ರೀ ಮೇಡಂ?’ ಎಂದು ಕೇಳಿದವರು ದಪ್ಪ ಪುಸ್ತಕದ ಹೆಸರು ಬರೆದುಕೊಳ್ಳಲು ಪೆನ್ನು ಹಿಡಿದು ನಿಂತಿರುತ್ತಾರೆ. ದಪ್ಪ ಪುಸ್ತಕಗಳ ವಿಷಯಕ್ಕೂ ಬರುತ್ತೇನೆ. ಅದಕ್ಕೆ ಮೊದಲು ಆಗಬೇಕಾದ ಕೆಲಸ ಬೇರೆ ಇದೆ.

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಕೆಮಿಸ್ಟ್ರಿಯ ಅತಿಥಿ ಉಪನ್ಯಾಸಕಿ. ನನ್ನ ಕ್ಲಾಸಿನ ಮಕ್ಕಳಲ್ಲಿ ಬಹಳಷ್ಟು ಜನ ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುತ್ತಾರೆ. ಹತ್ತರವರೆಗೆ ಕನ್ನಡ ಮಾಧ್ಯಮ, ಪಿಯುಸಿಗೆ ಬಂದ ಕೂಡಲೇ ಎಲ್ಲವೂ ಇಂಗ್ಲಿಷ್. ಆ ಎರಡು ವರ್ಷ ಪಾಠ ಅರ್ಥವಾಗುವ ಮೊದಲೇ ಪರೀಕ್ಷೆ ಬಂದಿರುತ್ತದೆ. ಬಾಯಿಪಾಠ ಮಾಡಿ, ಪಾಸಿಂಗ್ ಪ್ಯಾಕೇಜ್ ಓದಿ, ಹೇಗೋ ದಾಟಿ ಬಂದಿರುತ್ತಾರೆ. ಬುದ್ಧಿಗೇನೂ ಕಮ್ಮಿ ಇಲ್ಲ. ಲ್ಯಾಬಿನಲ್ಲಿ ಅವರ ಕೈ ಎಷ್ಟು ಚುರುಕು ಅನ್ನುವುದನ್ನು ನಾನು ದಿನಾ ನೋಡುತ್ತೇನೆ. ಇದನ್ನು ಬರೆಯುತ್ತಿರುವುದು ಅವರಿಗಾಗಿ, ಅವರಂಥ ಎಲ್ಲ ಮಕ್ಕಳಿಗಾಗಿ.

ಓದುವ ಸಾಮಗ್ರಿಗೆ ಈಗ ಬರ ಇಲ್ಲ. ಮೊಬೈಲ್ ತೆಗೆದರೆ ಸಾಕು, ಪಿಡಿಎಫ್ ಮೇಲೆ ಪಿಡಿಎಫ್, ವಿಡಿಯೋ ಮೇಲೆ ವಿಡಿಯೋ. ವಾಟ್ಸ್ಯಾಪ್ ಗುಂಪಿನಲ್ಲಿ ಯಾರೋ ಒಬ್ಬರು ನೂರು ಪುಸ್ತಕಗಳ ಲಿಂಕ್ ಹಾಕುತ್ತಾರೆ, ಎಲ್ಲರೂ ಡೌನ್‌ಲೋಡ್ ಮಾಡಿಕೊಳ್ಳುತ್ತಾರೆ, ಮೆಮೊರಿ ತುಂಬುತ್ತದೆ, ಓದುವುದು ಮಾತ್ರ ಆಗುವುದಿಲ್ಲ. ನಾನು ಮಕ್ಕಳಿಗೆ ಹೇಳುವುದು ಇಷ್ಟೇ. ಇವತ್ತು ಎಲ್ಲಿ ಸಿಕ್ಕಿಹಾಕಿಕೊಂಡಿದ್ದೀರಿ ಅನ್ನುವುದನ್ನು ಮೊದಲು ಗುರುತು ಮಾಡಿ. ಮೋಲ್ ಲೆಕ್ಕವೋ, ಇಂಗ್ಲಿಷ್ ವಾಕ್ಯವೋ, ಕಣ್ಣಿಗೆ ಕಾಣದ ಅಣುವಿನ ಆಕಾರವೋ, ಬ್ಯೂರೆಟ್ ಹಿಡಿಯುವುದೋ? ಒಂದೊಂದು ತೊಡಕಿಗೂ ಒಂದೊಂದು ಜಾಗ ಇದೆ. ಅಲ್ಲಿಗೆ ಹೋಗಿ, ಕೆಲಸ ಮುಗಿಸಿ, ವಾಪಸ್ ಬನ್ನಿ.

ಮೊದಲು ಇಂಗ್ಲಿಷ್ ವಿಷಯ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ಎರಡೂ ಉಚಿತ. ಎನ್‌ಸಿಇಆರ್‌ಟಿ ಪುಸ್ತಕವನ್ನೇ ಕನ್ನಡಕ್ಕೆ ತಂದಿರುವುದರಿಂದ ಪಾಠಕ್ಕೆ ಪಾಠ, ಚಿತ್ರಕ್ಕೆ ಚಿತ್ರ ಹೊಂದುತ್ತದೆ. ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು, ಆಮ್ಲ ಪ್ರತ್ಯಾಮ್ಲ ಲವಣಗಳು, ಲೋಹಗಳು ಮತ್ತು ಅಲೋಹಗಳು, ಕಾರ್ಬನ್ ಮತ್ತು ಅದರ ಸಂಯುಕ್ತಗಳು. ಈ ನಾಲ್ಕು ಪಾಠ ಸಾಕು. ಇವು ನಿಮಗೆ ಕನ್ನಡದಲ್ಲಿ ಈಗಾಗಲೇ ಗೊತ್ತಿರುವ ವಿಷಯಗಳು. ಒಂದು ಪ್ಯಾರಾ ಕನ್ನಡದಲ್ಲಿ ಓದಿ, ಅದೇ ಪ್ಯಾರಾ ಇಂಗ್ಲಿಷಿನಲ್ಲಿ ಓದಿ, ಆಮೇಲೆ ಎರಡನ್ನೂ ಮುಚ್ಚಿ ಇಂಗ್ಲಿಷಿನಲ್ಲಿ ನಿಮ್ಮದೇ ಎರಡು ಸಾಲು ಬರೆಯಿರಿ. ವಿಷಯ ಗೊತ್ತಿರುವಾಗ ಭಾಷೆ ಬೇಗ ಹತ್ತುತ್ತದೆ. ವಿಷಯವೂ ಹೊಸದು, ಭಾಷೆಯೂ ಹೊಸದು ಅಂದರೆ ಎರಡೂ ಹತ್ತುವುದಿಲ್ಲ. ಪಿಯುಸಿಯಲ್ಲಿ ಆಗಿದ್ದು ಅದೇ ಅಲ್ವಾ?

ಕಳೆದ ವರ್ಷ ರಾಣೆಬೆನ್ನೂರು ಕಡೆಯಿಂದ ಬರುವ ಒಬ್ಬ ಹುಡುಗಿ ಈ ಕೆಲಸವನ್ನು ಬಸ್ಸಿನಲ್ಲೇ ಮಾಡಿದಳು. ಬೆಳಿಗ್ಗೆ ಕನ್ನಡದ ಪುಟ, ಸಂಜೆ ಇಂಗ್ಲಿಷ್ ಪುಟ. ದಸರಾ ರಜೆ ಮುಗಿಯುವ ಹೊತ್ತಿಗೆ ಕ್ಲಾಸಿನಲ್ಲಿ ಕೈ ಎತ್ತಿ ಪ್ರಶ್ನೆ ಕೇಳಲು ಶುರು ಮಾಡಿದ್ದಳು. ಕೇಳಿದ್ದು ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ. ಪ್ರಶ್ನೆ ಮಾತ್ರ ಸರಿಯಾದ ಜಾಗಕ್ಕೇ ತಾಗಿತ್ತು.

ಇನ್ನು ಪಿಯುಸಿ ಪುಸ್ತಕ. ಇಲ್ಲಿ ಒಂದು ವಿಷಯ ಮಕ್ಕಳಿಗೂ ಗೊತ್ತಿರುವುದಿಲ್ಲ, ಎಷ್ಟೋ ಮೇಷ್ಟ್ರುಗಳ ಗಮನಕ್ಕೂ ಬಂದಿರುವುದಿಲ್ಲ. 2022ರಲ್ಲಿ ಎನ್‌ಸಿಇಆರ್‌ಟಿ ಪಠ್ಯ ಕಡಿತ ಮಾಡಿತು. ಹನ್ನೊಂದನೇ ತರಗತಿಯ ಕೆಮಿಸ್ಟ್ರಿಯಲ್ಲಿ 14 ಪಾಠ ಇದ್ದದ್ದು 9 ಆಯಿತು. ದ್ರವ್ಯದ ಸ್ಥಿತಿಗಳು, ಹೈಡ್ರೋಜನ್, ಎಸ್ ಬ್ಲಾಕ್, ಪಿ ಬ್ಲಾಕ್, ಪರಿಸರ ರಸಾಯನ ಹೋದವು. ಹನ್ನೆರಡನೇ ತರಗತಿಯಲ್ಲಿ 16 ಇದ್ದದ್ದು 10 ಆಯಿತು. ಸಾಲಿಡ್ ಸ್ಟೇಟ್, ಸರ್ಫೇಸ್ ಕೆಮಿಸ್ಟ್ರಿ, ಲೋಹ ತೆಗೆಯುವ ವಿಧಾನಗಳು, ಅಲ್ಲಿದ್ದ ಪಿ ಬ್ಲಾಕ್, ಪಾಲಿಮರ್, ದಿನಬಳಕೆಯ ರಸಾಯನ, ಎಲ್ಲವೂ ಹೋದವು. ಆದರೆ ಡಿಗ್ರಿಯಲ್ಲಿ ಪಾಠ ಮಾಡುವವರು ಇವೆಲ್ಲ ಮಕ್ಕಳಿಗೆ ಗೊತ್ತಿದೆ ಅಂದುಕೊಂಡೇ ಮುಂದೆ ಹೋಗುತ್ತಾರೆ. ಅನಿಲದ ನಿಯಮ ಒಂದೂ ಸರಿಯಾಗಿ ಓದದ ಹುಡುಗನಿಗೆ ನೇರವಾಗಿ ವಾನ್ ಡರ್ ವಾಲ್ಸ್ ಸಮೀಕರಣ ಹಾಕಿದರೆ ಅವನು ಏನು ಮಾಡಬೇಕು? ತಾನೇ ದಡ್ಡ ಅಂದುಕೊಳ್ಳುತ್ತಾನೆ. ದಡ್ಡ ಅಲ್ಲ. ಆ ಪಾಠ ಅವನಿಗೆ ಸಿಕ್ಕೇ ಇಲ್ಲ.

ಈ ಖಾಲಿ ಜಾಗ ತುಂಬಲು ನಾನು ತೋರಿಸುವುದು ಓಪನ್‌ಸ್ಟ್ಯಾಕ್ಸ್. ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು ಕಾಲೇಜಿನ ಮೊದಲ ವರ್ಷದ ಮಕ್ಕಳಿಗೆಂದೇ ಮಾಡಿದ ಉಚಿತ ಪುಸ್ತಕ. ಅದರ ಕೆಮಿಸ್ಟ್ರಿ ಪುಸ್ತಕದ ಎರಡನೇ ಆವೃತ್ತಿ 2019ರಲ್ಲಿ ಬಂತು, ಒಟ್ಟು 21 ಪಾಠ. ಒಂಬತ್ತನೇ ಪಾಠ ಅನಿಲಗಳು, ಹತ್ತನೆಯದು ದ್ರವ ಮತ್ತು ಘನ, ಹದಿನೆಂಟನೆಯದು ನಮ್ಮ ಎಸ್ ಬ್ಲಾಕ್, ಪಿ ಬ್ಲಾಕಿನ ಧಾತುಗಳು. ಪಿಯುಸಿಯಲ್ಲಿ ಕಳೆದುಹೋದದ್ದರಲ್ಲಿ ಮುಖ್ಯವಾದದ್ದು ಬಹುತೇಕ ಈ ಮೂರು ಪಾಠಗಳಲ್ಲಿ ಸಿಗುತ್ತದೆ. ಪೂರ್ತಿ ಪುಸ್ತಕ ಡೌನ್‌ಲೋಡ್ ಮಾಡಿ ಒಂದನೇ ಪುಟದಿಂದ ಶುರು ಮಾಡಬೇಡಿ, ಹಾಗೆ ಮಾಡಿದ ಯಾರೂ ಮೂರನೇ ಪಾಠ ದಾಟಿದ್ದನ್ನು ನಾನು ನೋಡಿಲ್ಲ. ಬೇಕಾದ ಪಾಠ ಮಾತ್ರ ತೆಗೆಯಿರಿ.

ಆ ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವ್ಯವಸ್ಥೆ ಇದೆ. ಒಂದು ಲೆಕ್ಕವನ್ನು ಬಿಡಿಸಿ ತೋರಿಸಿದ ಮೇಲೆ, ಅದರ ಕೆಳಗೇ ಅಂಥದ್ದೇ ಇನ್ನೊಂದು ಲೆಕ್ಕ ಕೊಡುತ್ತಾರೆ, ಉತ್ತರವೂ ಅಲ್ಲೇ ಇರುತ್ತದೆ. ಉತ್ತರದ ಮೇಲೆ ಕೈ ಇಟ್ಟು ಮುಚ್ಚಿ, ಲೆಕ್ಕ ಮಾಡಿ, ಆಮೇಲೆ ಕೈ ತೆಗೆಯಿರಿ. ಪಾಠದ ಕೊನೆಯ ಲೆಕ್ಕಗಳಲ್ಲಿ ಬೆಸ ಸಂಖ್ಯೆಯವಕ್ಕೆ ಪುಸ್ತಕದ ಹಿಂದೆ ಉತ್ತರ ಇದೆ. ಮೇಷ್ಟ್ರು ಪಕ್ಕದಲ್ಲಿ ಇಲ್ಲದಿದ್ದರೂ ಸರಿಯೋ ತಪ್ಪೋ ಅಂತ ಆಗಲೇ ಗೊತ್ತಾಗಬೇಕು, ಒಬ್ಬರೇ ಕೂತು ಓದುವವರಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ. ಜೆರಾಕ್ಸ್ ಅಂಗಡಿಯ ನೋಟ್ಸಿನಲ್ಲಿ ಇದು ಸಿಗುವುದಿಲ್ಲ. ಅಲ್ಲಿ ಪ್ರಶ್ನೆ ಇರುತ್ತದೆ, ಪೂರ್ತಿ ಉತ್ತರ ಇರುತ್ತದೆ, ನಡುವೆ ನೀವು ಮಾಡುವ ಕೆಲಸಕ್ಕೆ ಜಾಗವೇ ಇರುವುದಿಲ್ಲ.

ಜೆರಾಕ್ಸ್ ನೋಟ್ಸ್ ಬಗ್ಗೆ ಇನ್ನೊಂದು ಮಾತು. ಅವು ಸೀನಿಯರಿಂದ ಜೂನಿಯರಿಗೆ ಇಳಿದು ಬರುತ್ತವೆ, ಯಾವ ವರ್ಷದವು ಅಂತ ಯಾರಿಗೂ ಗೊತ್ತಿರುವುದಿಲ್ಲ. ಮೋಲ್ ಅಂದರೆ ಏನು ಅನ್ನುವ ಮೊದಲ ಸಾಲಿಗೇ ಹೋಗಿ ನೋಡಿ. 12 ಗ್ರಾಂ ಕಾರ್ಬನ್-12ರಲ್ಲಿ ಎಷ್ಟು ಪರಮಾಣು ಇವೆಯೋ ಅಷ್ಟು ಅಂತ ಬರೆದಿದ್ದರೆ ಆ ನೋಟ್ಸ್ ಹಳೆಯದು. 2019ರ ಮೇ 20ರಿಂದ ವ್ಯಾಖ್ಯೆ ಬದಲಾಗಿದೆ. ಈಗ ಮೋಲ್ ಅಂದರೆ ನಿಖರವಾಗಿ 6.02214076 × 10ರ 23ನೇ ಘಾತದಷ್ಟು ಕಣಗಳು, ಅಷ್ಟೇ. ಲೆಕ್ಕದಲ್ಲಿ ಇದರಿಂದ ವ್ಯತ್ಯಾಸ ಬರುವುದಿಲ್ಲ. ಆದರೆ ಕೈಯಲ್ಲಿರುವ ನೋಟ್ಸ್ ಎಷ್ಟು ಹಳೆಯದು ಅಂತ ತಿಳಿಯಲು ಇದು ಒಳ್ಳೆಯ ಗುರುತು.

ಮೋಲ್ ಲೆಕ್ಕದ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಮೊದಲ ವರ್ಷದಲ್ಲಿ ಕಷ್ಟ ಪಡುವವರಲ್ಲಿ ಹೆಚ್ಚಿನವರು ಸಿಕ್ಕಿಕೊಂಡಿರುವುದು ಇಲ್ಲೇ. ಲ್ಯಾಬಿನಲ್ಲಿ ದಿನಾ ಬರುವ ಒಂದು ಲೆಕ್ಕ ತಗೊಳ್ಳಿ. 250 ಎಂಎಲ್ ಸ್ಟ್ಯಾಂಡರ್ಡ್ ಫ್ಲಾಸ್ಕಿನಲ್ಲಿ 0.05 ಮೋಲಾರ್ ಆಕ್ಸಾಲಿಕ್ ಆಸಿಡ್ ದ್ರಾವಣ ಮಾಡಬೇಕು. ಎಷ್ಟು ಗ್ರಾಂ ತೂಗಬೇಕು?

ಒಂದು ಲೀಟರಿನಲ್ಲಿ 0.05 ಮೋಲ್ ಬೇಕು. ನಮ್ಮ ಹತ್ತಿರ ಇರುವುದು 0.25 ಲೀಟರ್. ಹಾಗಾಗಿ 0.05ನ್ನು 0.25ರಿಂದ ಗುಣಿಸಿದರೆ 0.0125 ಮೋಲ್. ಒಂದು ಮೋಲಿಗೆ ಎಷ್ಟು ಗ್ರಾಂ? ಪುಸ್ತಕದ ಸೂತ್ರ ನೋಡಿದವರು 90 ಅನ್ನುತ್ತಾರೆ. ಲ್ಯಾಬಿಗೆ ಹೋಗಿ ಬಾಟಲಿಯ ಲೇಬಲ್ ಓದಿದವರು 126 ಅನ್ನುತ್ತಾರೆ. ಬಾಟಲಿಯಲ್ಲಿರುವ ಹರಳಿನಲ್ಲಿ ಆಸಿಡಿನ ಪ್ರತಿ ಅಣುವಿನ ಜೊತೆ ಎರಡು ನೀರಿನ ಅಣು ಇರುತ್ತವೆ, ಅದರ 36 ಸೇರಿ 126. ಹಾಗಾಗಿ ತೂಗಬೇಕಾದದ್ದು 0.0125 × 126, ಅಂದರೆ 1.575 ಗ್ರಾಂ. 90 ಅಂತ ಹಿಡಿದವರು 1.125 ಗ್ರಾಂ ತೂಗಿ ತರುತ್ತಾರೆ. ಆಗ ಅವರ ದ್ರಾವಣ ಸುಮಾರು 0.036 ಮೋಲಾರ್ ಮಾತ್ರ ಆಗುತ್ತದೆ. ಅದರಲ್ಲಿ 10 ಎಂಎಲ್ ತೆಗೆದು 0.02 ಮೋಲಾರ್ ಪರ್ಮಾಂಗನೇಟ್ ಜೊತೆ ಟೈಟ್ರೇಷನ್ ಮಾಡಿದರೆ, ಅಂದರೆ ಬ್ಯೂರೆಟಿನಿಂದ ಹನಿ ಹನಿಯಾಗಿ ಬಿಟ್ಟು ಎಷ್ಟು ಬೇಕಾಗುತ್ತದೆ ಅಂತ ಅಳೆದರೆ, ಬ್ಯೂರೆಟ್ 10 ಎಂಎಲ್ ತೋರಿಸಬೇಕಾದ ಕಡೆ 7.1ರ ಹತ್ತಿರವೇ ಬಣ್ಣ ನಿಲ್ಲುತ್ತದೆ. ಮಕ್ಕಳು ಪಿಪೆಟ್ ಸರಿ ಇಲ್ಲ, ನೀರು ಸರಿ ಇಲ್ಲ ಅಂತ ಹುಡುಕಾಡುತ್ತಾರೆ. ಕಾರಣ ತಕ್ಕಡಿಯ ಹತ್ತಿರವೇ ಇರುತ್ತದೆ.

ಈ ಲೆಕ್ಕವನ್ನು ಬರೆಯುವಾಗ ಪ್ರತಿ ಸಂಖ್ಯೆಯ ಪಕ್ಕ ಅದರ ಮಾನವನ್ನೂ ಬರೆಯಿರಿ. ಲೀಟರಿಗೆ ಮೋಲ್, ಮೋಲಿಗೆ ಗ್ರಾಂ. ಮೇಲೆ ಇರುವ ಲೀಟರ್ ಕೆಳಗಿನ ಲೀಟರನ್ನು ಹೊಡೆಯಬೇಕು, ಮೋಲ್ ಮೋಲನ್ನು ಹೊಡೆಯಬೇಕು, ಕೊನೆಗೆ ಗ್ರಾಂ ಮಾತ್ರ ಉಳಿಯಬೇಕು. ಉಳಿಯಲಿಲ್ಲ ಅಂದರೆ ಗುಣಿಸುವ ಕಡೆ ಭಾಗಿಸಿದ್ದೀರಿ. ಸೂತ್ರ ನೆನಪಿಟ್ಟುಕೊಳ್ಳುವ ಕಷ್ಟವೇ ಇಲ್ಲ. ಹನ್ನೊಂದನೇ ತರಗತಿ ಎನ್‌ಸಿಇಆರ್‌ಟಿಯ ಒಂದನೇ ಪಾಠದಲ್ಲಿ ಇದನ್ನೇ ಹೇಳಿಕೊಟ್ಟಿದ್ದಾರೆ. ನಿಮ್ಮ ಹತ್ತಿರ ಈಗಾಗಲೇ ಇರುವ ಪುಸ್ತಕ. ಆ ಒಂದು ಪಾಠವನ್ನು, ಕೊನೆಯ ಲೆಕ್ಕಗಳನ್ನೂ ಸೇರಿಸಿ, ಸೆಮಿಸ್ಟರಿನ ಮೊದಲ ಎರಡು ವಾರದಲ್ಲಿ ಮತ್ತೆ ಮಾಡಿ ಮುಗಿಸಿ.

ಕ್ಯಾಲ್ಕುಲೇಟರ್ ಕೂಡ ಕಲಿಯಬೇಕಾದ ಸಾಧನವೇ. ಅವೊಗಾಡ್ರೋ ಸಂಖ್ಯೆ, ಅಂದರೆ ಒಂದು ಮೋಲಿನಲ್ಲಿರುವ ಕಣಗಳ ಸಂಖ್ಯೆ, ಹಾಕುವಾಗ ಬಹಳ ಜನ 6.022 ಒತ್ತಿ, ಗುಣಾಕಾರ ಒತ್ತಿ, 10 ಒತ್ತಿ, ಆಮೇಲೆ ಎಕ್ಸ್‌ಪಿ ಬಟನ್ ಒತ್ತಿ 23 ಹಾಕುತ್ತಾರೆ. ಎಕ್ಸ್‌ಪಿ ಬಟನ್ನಿನಲ್ಲೇ ‘10ರ ಘಾತ’ ಅನ್ನುವುದು ಇದೆ, ಹಾಗಾಗಿ ಉತ್ತರ ಹತ್ತು ಪಟ್ಟು ಜಾಸ್ತಿ ಬರುತ್ತದೆ. 6.022, ಎಕ್ಸ್‌ಪಿ, 23, ಇಷ್ಟೇ ಒತ್ತಬೇಕು. ಇನ್ನೊಂದು, ಭಾಗಾಕಾರ. 1.575ನ್ನು 126ರಿಂದಲೂ 0.25ರಿಂದಲೂ ಭಾಗಿಸಬೇಕಾದಾಗ ಎರಡು ಸಲ ಭಾಗಾಕಾರದ ಬಟನ್ ಒತ್ತಬೇಕು. ಎರಡನೆಯದಕ್ಕೆ ಗುಣಾಕಾರ ಒತ್ತಿದರೆ 0.05 ಬರುವ ಜಾಗದಲ್ಲಿ 0.003 ಬರುತ್ತದೆ. ಪರೀಕ್ಷೆಯಲ್ಲಿ ವಿಧಾನ ಎಲ್ಲ ಸರಿ ಇದ್ದು ಉತ್ತರ ಮಾತ್ರ ತಪ್ಪಿದ ಪೇಪರುಗಳನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ಸೆಮಿಸ್ಟರ್ ಪೂರ್ತಿ ಒಂದೇ ಕ್ಯಾಲ್ಕುಲೇಟರ್ ಬಳಸಿ, ಪರೀಕ್ಷೆಯ ದಿನ ಗೆಳತಿಯದ್ದನ್ನು ತರಬೇಡಿ.

ಕಣ್ಣಿಗೆ ಕಾಣದ್ದನ್ನು ಕಾಣಲು ಫೆಟ್ ಇದೆ, ಪರದೆಯ ಮೇಲೆ ನಾವೇ ಬದಲಾಯಿಸಿ ನೋಡಬಹುದಾದ ಸಿಮ್ಯುಲೇಷನ್‌ಗಳು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ ಯೋಜನೆ. ಮೊಬೈಲಿನ ಬ್ರೌಸರಿನಲ್ಲೇ ನಡೆಯುತ್ತದೆ, ಬೇರೆ ಆ್ಯಪ್ ಬೇಡ. ಒಂದು ಸಲ ಡೌನ್‌ಲೋಡ್ ಮಾಡಿಕೊಂಡರೆ ನೆಟ್ ಇಲ್ಲದೆಯೂ ತೆರೆಯುತ್ತದೆ. ಕೆಲವು ಕನ್ನಡದಲ್ಲೂ ಸಿಗುತ್ತವೆ. ಮೊದಲ ವರ್ಷದವರಿಗೆ ಬೇಕಾದವು ಪರಮಾಣು ಕಟ್ಟುವುದು, ಸಮೀಕರಣ ಸರಿದೂಗಿಸುವುದು, ಮೋಲಾರಿಟಿ, ಪಿಎಚ್ ಮಾಪನ ಮತ್ತು ಅಣುಗಳ ಆಕಾರ.

ಅಣುಗಳ ಆಕಾರವನ್ನೇ ತೆಗೆಯಿರಿ. ನಡುವೆ ಒಂದು ಪರಮಾಣು ಇರುತ್ತದೆ. ಅದಕ್ಕೆ ನಾಲ್ಕು ಬಂಧ ಸೇರಿಸಿ. ಅವು ತಾವಾಗಿಯೇ ಒಂದನ್ನೊಂದು ದೂರ ತಳ್ಳಿಕೊಂಡು 109.5 ಡಿಗ್ರಿಗೆ ನಿಲ್ಲುತ್ತವೆ. ಈಗ ಒಂದು ಬಂಧ ತೆಗೆದು ಆ ಜಾಗಕ್ಕೆ ಲೋನ್ ಪೇರ್, ಅಂದರೆ ಬಂಧದಲ್ಲಿ ಸೇರದ ಎಲೆಕ್ಟ್ರಾನ್ ಜೋಡಿ, ಹಾಕಿ. ಆಮೇಲೆ ನಿಜವಾದ ಅಣುಗಳ ಭಾಗಕ್ಕೆ ಹೋಗಿ ಅಮೋನಿಯಾ ನೋಡಿ, ಕೋನ 107ರ ಹತ್ತಿರ ಇಳಿದಿರುತ್ತದೆ. ನೀರು ನೋಡಿ, 104.5. ಬೆರಳಿನಿಂದ ತಿರುಗಿಸಿ ಹಿಂದಿನಿಂದ ನೋಡಿ, ಮೇಲಿನಿಂದ ನೋಡಿ. ಬೋರ್ಡಿನ ಮೇಲೆ ನಾನು ಎಷ್ಟೇ ಡ್ಯಾಶ್, ವೆಜ್ ಎಳೆದರೂ ಇಷ್ಟು ಚೆನ್ನಾಗಿ ತೋರಿಸಲು ಆಗುವುದಿಲ್ಲ. ಒಂದೇ ಒಂದು ಷರತ್ತು. ಬಟನ್ ಒತ್ತುವ ಮೊದಲು ಏನಾಗುತ್ತದೆ ಅಂತ ಕಾಗದದ ಮೇಲೆ ಬರೆದುಕೊಳ್ಳಿ. ಹಾಗೆ ಮಾಡದೆ ಸುಮ್ನೆ ಒತ್ತುತ್ತಾ ಹೋದರೆ ಅರ್ಧ ಗಂಟೆ ಆಟ ಆಡಿದ ಹಾಗಾಗುತ್ತದೆ.

ಇನ್ನು ಲ್ಯಾಬ್. ಎಲ್ಲರೂ ಪುಸ್ತಕ, ವಿಡಿಯೋ ಅನ್ನುತ್ತಾರೆ, ಕಾಲೇಜಿನ ಲ್ಯಾಬನ್ನು ಕಲಿಯುವ ಜಾಗ ಅಂತ ಎಣಿಸುವುದೇ ಇಲ್ಲ. ರೆಕಾರ್ಡ್ ಬರೆದು ಸಹಿ ಹಾಕಿಸಿಕೊಳ್ಳುವ ಜಾಗ ಅಂದುಕೊಂಡಿರುತ್ತಾರೆ. ನನಗೆ ಇದು ನಿಜವಾಗಿಯೂ ಬೇಸರದ ವಿಷಯ. ನಮ್ಮಲ್ಲಿ ಎಷ್ಟೋ ಮಕ್ಕಳು ಡಿಗ್ರಿಗೆ ಬರುವ ಮೊದಲು ಬ್ಯೂರೆಟನ್ನು ಸರಿಯಾಗಿ ಮುಟ್ಟಿರುವುದಿಲ್ಲ, ಪಿಯುಸಿಯಲ್ಲಿ ಐದಾರು ಜನಕ್ಕೆ ಒಂದು ಬ್ಯೂರೆಟ್ ಸಿಕ್ಕಿರುತ್ತದೆ. ಈಗ ಸಿಕ್ಕಿದೆ, ಬಿಡಬೇಡಿ.

ಲ್ಯಾಬಿಗೆ ಬರುವ ಹಿಂದಿನ ದಿನ ಓಲ್ಯಾಬ್ಸ್ ಅನ್ನುವ ಆನ್‌ಲೈನ್ ಲ್ಯಾಬ್ ನೋಡಿ ಬನ್ನಿ. ಅಮೃತ ವಿಶ್ವವಿದ್ಯಾಪೀಠ ಮತ್ತು ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಸೇರಿ ಮಾಡಿದ್ದು, ಒಂಬತ್ತರಿಂದ ಹನ್ನೆರಡನೇ ತರಗತಿವರೆಗಿನ ಪ್ರಯೋಗಗಳು ಅಲ್ಲಿವೆ. ಟೈಟ್ರೇಷನ್ ಇದೆ, ಸಾಲ್ಟ್ ಅನಾಲಿಸಿಸ್ ಇದೆ. ಯಾವುದಾದ ಮೇಲೆ ಯಾವುದು ಅನ್ನುವುದು ತಲೆಯಲ್ಲಿ ಕೂತರೆ ಲ್ಯಾಬಿನಲ್ಲಿ ಪಕ್ಕದವರ ಮುಖ ನೋಡಬೇಕಾಗಿಲ್ಲ. ಆದರೆ ಪರದೆಯ ಮೇಲೆ ಎಲ್ಲವೂ ನೀಟಾಗಿ ನಡೆಯುತ್ತದೆ. ನಿಜವಾದ ಫ್ಲಾಸ್ಕ್ ಹಾಗೆ ನಡೆದುಕೊಳ್ಳುವುದಿಲ್ಲ.

ಆಕ್ಸಾಲಿಕ್ ಆಸಿಡ್, ಪರ್ಮಾಂಗನೇಟ್ ಟೈಟ್ರೇಷನ್ನೇ ನೋಡಿ. ಫ್ಲಾಸ್ಕಿನಲ್ಲಿ ಆಸಿಡ್ ತೆಗೆದುಕೊಂಡು, ಸಾರರಿಕ್ತ ಸಲ್ಫ್ಯೂರಿಕ್ ಆಸಿಡ್ ಹಾಕಿ, 60ರಿಂದ 70 ಡಿಗ್ರಿಗೆ ಬಿಸಿ ಮಾಡಿ ಬ್ಯೂರೆಟ್ ಕೆಳಗೆ ಹಿಡಿಯುತ್ತೀರಿ. ಮೊದಲ ಹನಿ ಬೀಳುತ್ತದೆ. ಗುಲಾಬಿ ಬಣ್ಣ ಹಾಗೇ ನಿಂತುಬಿಡುತ್ತದೆ. ಹೊಸಬರು ‘ಮೇಡಂ, ಎಂಡ್ ಪಾಯಿಂಟ್ ಬಂತು’ ಅಂತ ಕೂಗುತ್ತಾರೆ. ಸ್ವಲ್ಪ ತಾಳಿ, ಫ್ಲಾಸ್ಕ್ ಅಲ್ಲಾಡಿಸಿ. ಬಣ್ಣ ನಿಧಾನವಾಗಿ ಹೋಗುತ್ತದೆ. ಎರಡನೇ ಹನಿ ಇನ್ನೂ ಬೇಗ ಹೋಗುತ್ತದೆ. ಆಮೇಲಿನ ಹನಿಗಳು ಬಿದ್ದ ತಕ್ಷಣ ಮಾಯ. ಯಾಕೆ ಗೊತ್ತಾ? ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ ಅಯಾನುಗಳೇ ಆ ಕ್ರಿಯೆಯನ್ನು ಚುರುಕು ಮಾಡುತ್ತವೆ. ಮೊದಲ ಹನಿ ಬೀಳುವಾಗ ಅವು ಇರುವುದಿಲ್ಲ. ಪುಸ್ತಕದಲ್ಲಿ ಆಟೋಕ್ಯಾಟಲಿಸಿಸ್ ಅಂತ ಒಂದು ಸಾಲು ಇರುತ್ತದೆ, ಮಕ್ಕಳು ಎರಡು ಅಂಕಕ್ಕೆ ಬಾಯಿಪಾಠ ಮಾಡುತ್ತಾರೆ. ಅದು ಅವರ ಕಣ್ಣೆದುರೇ, ಅವರ ಕೈಯಲ್ಲೇ ನಡೆಯುತ್ತಿರುತ್ತದೆ!

ಹೈಡ್ರೋಕ್ಲೋರಿಕ್ ಆಸಿಡ್ ಯಾಕೆ ಹಾಕಬಾರದು ಅಂತಲೂ ಆಗಲೇ ಕೇಳಿಕೊಳ್ಳಿ. ಪರ್ಮಾಂಗನೇಟ್ ಅದರ ಕ್ಲೋರೈಡನ್ನು ಕ್ಲೋರಿನ್ ಮಾಡಿಬಿಡುತ್ತದೆ, ರೀಡಿಂಗ್ ಕೆಡುತ್ತದೆ. ಫ್ಲಾಸ್ಕಿನಲ್ಲಿ ಕಂದು ಬಣ್ಣದ ಮಡ್ಡಿ ಕಂಡರೆ ಆಸಿಡ್ ಸಾಲಲಿಲ್ಲ, ಇಲ್ಲವೇ ಬ್ಯೂರೆಟ್ ಜೋರಾಗಿ ಬಿಟ್ಟಿದ್ದೀರಿ. ಅದು ಮ್ಯಾಂಗನೀಸ್ ಡೈಆಕ್ಸೈಡ್. ಬ್ಯೂರೆಟಿನಲ್ಲಿ ದ್ರಾವಣ ಕಡು ಬಣ್ಣದ್ದಾದ್ದರಿಂದ ಕೆಳಗಿನ ಅಂಚು ಕಾಣುವುದಿಲ್ಲ, ಮೇಲಿನ ಅಂಚನ್ನೇ ಓದಬೇಕು. ಈ ಯಾವ ವಿಷಯವನ್ನೂ ರೆಕಾರ್ಡಿನಲ್ಲಿ ಬರೆಸುವುದಿಲ್ಲ. ನೀವೇ ರೆಕಾರ್ಡಿನ ಎಡಗಡೆಯ ಪುಟದಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಳ್ಳಿ. ವೈವಾದಲ್ಲಿ ಕೇಳುವುದು ಇವನ್ನೇ.

ದಪ್ಪ ಪುಸ್ತಕಗಳಿಗೆ ಬರೋಣ. ಪುರಿ, ಶರ್ಮಾ, ಪಠಾನಿಯಾ ಅವರ ಫಿಸಿಕಲ್ ಕೆಮಿಸ್ಟ್ರಿ, ಜೆ.ಡಿ. ಲೀ ಅವರ ಇನಾರ್ಗ್ಯಾನಿಕ್, ಮಾರಿಸನ್ ಮತ್ತು ಬಾಯ್ಡ್ ಅವರ ಆರ್ಗ್ಯಾನಿಕ್, ಲ್ಯಾಬಿಗೆ ವೋಗೆಲ್. ಇವು ಸಾಮಾನ್ಯವಾಗಿ ಎಲ್ಲ ಹಳೆಯ ಕಾಲೇಜು ಲೈಬ್ರರಿಗಳಲ್ಲೂ ಇರುತ್ತವೆ. ಮೊದಲ ವರ್ಷದಲ್ಲಿ ಯಾವುದನ್ನೂ ಕೊಳ್ಳಬೇಡಿ. ಲೈಬ್ರರಿಯಲ್ಲಿ ತೆಗೆದು ನೋಡಿ. ಮಾರಿಸನ್ ಬಾಯ್ಡ್ ಬರವಣಿಗೆ ಚೆನ್ನಾಗಿದೆ, ಒಂದು ಕ್ರಿಯೆ ಯಾಕೆ ಹಾಗೆ ನಡೆಯುತ್ತದೆ ಅಂತ ತಾಳ್ಮೆಯಿಂದ ಹೇಳುತ್ತಾರೆ, ಅದನ್ನು ಓದುವಾಗ ಆರ್ಗ್ಯಾನಿಕ್ ಅಂದರೆ ಬಾಯಿಪಾಠ ಅನ್ನುವ ಭಯ ಹೋಗುತ್ತದೆ. ಪುರಿ ಶರ್ಮಾ ನಮ್ಮ ಸಿಲಬಸ್ಸಿಗೆ ಹತ್ತಿರ, ಆದರೆ ಒತ್ತೊತ್ತಾಗಿ ಬರೆದದ್ದು, ಕ್ಲಾಸ್ ಕೇಳಿದ ಮೇಲೆ ಓದಿದರೆ ಮಾತ್ರ ದಕ್ಕುತ್ತದೆ. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಕಾಲೇಜಿನಲ್ಲಿ ಬುಕ್ ಬ್ಯಾಂಕ್ ಇರುತ್ತದೆ, ಕೇಳಿದರೆ ಪುಸ್ತಕಗಳನ್ನು ಮನೆಗೆ ಕೊಡುತ್ತಾರೆ. ಕೇಳುವುದಕ್ಕೆ ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಮನೆಯಲ್ಲಿ ಒಂದೇ ಮೊಬೈಲ್ ಇದ್ದು ಅದು ಅಪ್ಪನ ಜೊತೆ ಹೊಲಕ್ಕೆ ಹೋಗುತ್ತದೆ ಅನ್ನುವವರೂ ಇದ್ದಾರೆ. ಗ್ರಾಮ ಪಂಚಾಯಿತಿಯ ಲೈಬ್ರರಿಯನ್ನು ಈಗ ಅರಿವು ಕೇಂದ್ರ ಅನ್ನುತ್ತಾರೆ. ಬಹಳ ಕಡೆ ಕಂಪ್ಯೂಟರ್, ಇಂಟರ್ನೆಟ್ ಹಾಕಿಸಿದ್ದಾರೆ. ನಿಮ್ಮ ಊರಿನದು ಹೇಗಿದೆ ಅಂತ ಒಂದು ಸಲ ಹೋಗಿ ನೋಡಿ. ಬೇಕಾದ ಪಾಠಗಳ ಪಿಡಿಎಫ್, ಫೆಟ್ ಫೈಲುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬರಬಹುದು.

ಯೂಟ್ಯೂಬ್ ವಿಷಯ ಜಾಸ್ತಿ ಹೇಳುವುದಿಲ್ಲ, ನೋಡುವವರು ನೋಡೇ ನೋಡುತ್ತೀರಿ. ಖಾನ್ ಅಕಾಡೆಮಿಯ ಚಿಕ್ಕ ವಿಡಿಯೋಗಳು ಮೊದಲ ವರ್ಷಕ್ಕೆ ಹೊಂದುತ್ತವೆ. ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಪಾಠಗಳು ಒಳ್ಳೆಯವು, ಆದರೆ ಭಾರ, ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ಯಾವುದೇ ವಿಡಿಯೋ ಆಗಲಿ, ಲೆಕ್ಕ ಪರದೆ ಮೇಲೆ ಬಂದ ತಕ್ಷಣ ನಿಲ್ಲಿಸಿ. ನೀವು ಮಾಡಿ. ಆಮೇಲೆ ಮುಂದೆ ಬಿಡಿ. ಬೇರೆಯವರು ಲೆಕ್ಕ ಬಿಡಿಸುವುದನ್ನು ನೋಡುತ್ತಾ ಕೂತರೆ ಎಲ್ಲವೂ ಅರ್ಥವಾದ ಹಾಗೆ ಅನ್ನಿಸುತ್ತದೆ, ಖಾಲಿ ಹಾಳೆ ಮುಂದೆ ಕೂತಾಗ ಮೊದಲ ಸಾಲೇ ಹೊಳೆಯುವುದಿಲ್ಲ. ಎಐ ಚಾಟ್‌ಬಾಟ್ ಕೇಳುವವರಿಗೂ ಇದೇ ಮಾತು. ಅರ್ಥವಾಗದ ಇಂಗ್ಲಿಷ್ ಪ್ಯಾರಾವನ್ನು ಕನ್ನಡದಲ್ಲಿ ಬಿಡಿಸಿ ಹೇಳು ಅಂತ ಕೇಳಿ, ಅದಕ್ಕೆ ಉಪಯೋಗ ಇದೆ. ಸಂಖ್ಯೆ ಇರುವ ಉತ್ತರವನ್ನು ಮಾತ್ರ ಪುಸ್ತಕದ ಜೊತೆ ತಾಳೆ ನೋಡದೆ ಬರೆದುಕೊಳ್ಳಬೇಡಿ.

ಪರೀಕ್ಷೆಗೆ ಸಂಬಂಧ ಇಲ್ಲದ ಒಂದನ್ನೂ ಹೇಳಬೇಕು. ಬೆಂಗಳೂರಿನ ಸದಾಶಿವನಗರದಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಇದೆ, 1934ರಲ್ಲಿ ಸಿ.ವಿ. ರಾಮನ್ ಕಟ್ಟಿದ ಸಂಸ್ಥೆ. ಅಕಾಡೆಮಿಯವರು 1996ರಿಂದ ರೆಸೊನೆನ್ಸ್ ಅನ್ನುವ ಪತ್ರಿಕೆ ತರುತ್ತಿದ್ದಾರೆ, ಕಾಲೇಜು ಮಕ್ಕಳಿಗೂ ಅವರ ಮೇಷ್ಟ್ರಿಗೂ ಅಂತಲೇ. ಹಳೆಯ ಸಂಚಿಕೆಗಳೆಲ್ಲ ಅಕಾಡೆಮಿಯ ವೆಬ್‌ಸೈಟಿನಲ್ಲಿ ಉಚಿತ. ವಿಜ್ಞಾನಿಗಳ ಬದುಕಿನ ಬಗ್ಗೆ ಬರಹ ಇರುತ್ತದೆ, ಕ್ಲಾಸಿನಲ್ಲಿ ಮಾಡಬಹುದಾದ ಪ್ರಯೋಗ ಇರುತ್ತದೆ. ಪೂರ್ತಿ ಅರ್ಥವಾಗದಿದ್ದರೂ ಪರವಾಗಿಲ್ಲ. ತಿಂಗಳಿಗೆ ಒಂದು ಬರಹ ಓದಿ. ಈ ವಿಷಯವನ್ನು ಜನ ಯಾಕೆ ಇಷ್ಟಪಟ್ಟು ಜೀವನ ಪೂರ್ತಿ ಮಾಡುತ್ತಾರೆ ಅನ್ನುವುದು ನಿಮಗೂ ತಿಳಿಯಬೇಕು.

ಕೊನೆಯದಾಗಿ, ನಿಮ್ಮ ಮೇಷ್ಟ್ರು, ಮೇಡಂ. ಸ್ಟಾಫ್ ರೂಮಿಗೆ ಬಂದು ‘ಮೇಡಂ, ಈಕ್ವಿಲಿಬ್ರಿಯಂ ಅರ್ಥ ಆಗಲಿಲ್ಲ’ ಅಂದರೆ ನನಗೂ ಎಲ್ಲಿಂದ ಶುರು ಮಾಡಬೇಕು ಅಂತ ತಿಳಿಯುವುದಿಲ್ಲ, ಪೂರ್ತಿ ಪಾಠವನ್ನೇ ಮತ್ತೆ ಹೇಳಬೇಕಾಗುತ್ತದೆ. ಹಾಗೆ ಬರಬೇಡಿ. ಯಾವ ಪುಟ, ಯಾವ ಲೆಕ್ಕ, ಎಷ್ಟನೇ ಸಾಲಿನವರೆಗೆ ಬಂದಿರಿ, ಮುಂದಿನ ಸಾಲಿಗೆ ಯಾಕೆ ಹೋಗಲಾಗಲಿಲ್ಲ ಅನ್ನುವುದನ್ನು ಬರೆದ ಹಾಳೆ ತನ್ನಿ. ಬರೆದದ್ದು ತಪ್ಪೇ ಇರಲಿ, ಹೊಡೆದು ಹಾಕಿದ್ದೂ ಇರಲಿ, ಹಾಗೇ ತನ್ನಿ. ಅದನ್ನು ನೋಡಿದರೆ ನಿಮಗೆ ಬೇಕಾದದ್ದು ಎನ್‌ಸಿಇಆರ್‌ಟಿಯ ಆ ಒಂದು ಉದಾಹರಣೆಯೋ, ಪಿಎಚ್ ಮಾಪನದ ಫೆಟ್ ಕಡತವೋ, ಇಲ್ಲಾ ಲಾಗ್ ಟೇಬಲ್ ನೋಡುವುದನ್ನು ಮತ್ತೊಮ್ಮೆ ಕಲಿಯುವುದೋ ಅಂತ ನಾವು ಐದು ನಿಮಿಷದಲ್ಲಿ ಹೇಳಬಲ್ಲೆವು. ಮಧ್ಯಾಹ್ನ ಊಟದ ಬಿಡುವಿನ ಕೊನೆಯ ಹದಿನೈದು ನಿಮಿಷ ನಾನು ಲ್ಯಾಬಿನಲ್ಲೇ ಇರುತ್ತೇನೆ.